ಆ ಬೇಡಿಕೆ ನಡೆಸಿಕೊಡಬೇಡ, ಗೋಪಾಲ

ಗೋಪಾಲಸ್ವಾಮಿಯನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಳೆದ ವರ್ಷ ಕಾರ್ತಿಕದಲ್ಲಿ ಡಾಕ್ಟರು ನನ್ನ ಗರ್ಭಕೋಶದಲ್ಲಿ ಗೆಡ್ಡೆ ಇದೆ, ಆಪರೇಷನ್ ಆಗಲೇಬೇಕು ಎಂದರು. ನನಗೆ ಗೆಡ್ಡೆಯ ಚಿಂತೆ ಹತ್ತಲಿಲ್ಲ. ನಾನು ಆಸ್ಪತ್ರೆಯಲ್ಲಿ ಮಲಗಿದರೆ ಮಂಗಳಳಿಗೆ ತುತ್ತಿಡುವವರು ಯಾರು ಎಂಬುದೇ ಚಿಂತೆಯಾಯಿತು.

ಮಂಗಳ ನಮ್ಮ ಒಬ್ಬಳೇ ಮಗಳು. ವಯಸ್ಸು ಇಪ್ಪತ್ತು ದಾಟಿದೆ. ಹುಟ್ಟಿದಾಗಿನಿಂದ ಬುದ್ಧಿಯ ಬೆಳವಣಿಗೆ ನಿಧಾನ, ಆಡುವುದು ನಾಲ್ಕೈದು ಮಾತು. ನನ್ನ ಕೈತುತ್ತು ಬಿಟ್ಟು ಬೇರೆಯವರದನ್ನು ತಿಂದವಳಲ್ಲ. ಅವರಪ್ಪ ಕೊಟ್ಟರೂ ಬಾಯಿ ಬಿಗಿದುಬಿಡುತ್ತಾಳೆ. ಹಾಗಾಗಿ ಶನಿವಾರ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದಾಗಲೆಲ್ಲ ನಾನು ಕೇಳುತ್ತಿದ್ದದ್ದು ಒಂದೇ: "ಗೋಪಾಲ, ನನಗಿಂತ ಒಂದಿನ ಮುಂಚೆ ಇವಳನ್ನ ಕರ್ಕೊಂಡ್‌ಬುಡಪ್ಪ." ಇಂಥ ಮಕ್ಕಳ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಗುಂಡ್ಲುಪೇಟೆಯಲ್ಲಿ ಅಂಥ ತಾಯಂದಿರದೇ ಒಂದು ಸಂಘವಿದೆ. ಮಕ್ಕಳ ಮಾಸಾಶನಕ್ಕೆ, ಬಸ್ ಪಾಸಿಗೆ ಒಟ್ಟಾಗಿ ಕಚೇರಿಗೆ ಹೋಗುತ್ತೇವೆ. ಮಕ್ಕಳನ್ನು ಯಾರಾದರೂ ಆಡಿಕೊಂಡರೆ ಸುಮ್ಮನೆ ಬಿಡುವುದಿಲ್ಲ. ಆ ತಿಂಗಳ ಸಭೆಯಲ್ಲಿ ನಾನು ಆಪರೇಷನ್ ಬೇಡವೆಂದು ಅತ್ತೆ. ಅಳುತ್ತ ಬೆಟ್ಟದ ಬೇಡಿಕೆಯೂ ಬಾಯಿಗೆ ಬಂತು. ಬಟ್ಟೆ ಹೊಲಿಯುವ ಶಾಹೀನಾ ನನ್ನ ಕೈ ಹಿಡಿದು, "ನಾನೂ ದರ್ಗಾದಲ್ಲಿ ನನ್ನ ಮಗ ಇರ್ಫಾನ್‌ಗೋಸ್ಕರ ಇದನ್ನೇ ಕೇಳೋದು ಅಕ್ಕಾ" ಎಂದಳು. "ನಾನು ಮಾದಪ್ಪನ್ನ ಕೇಳ್ತೀನಿ" ಎಂದಳು ಇನ್ನೊಬ್ಬಳು.

ಮೊಮ್ಮಗನನ್ನು ಸಾಕುತ್ತಿರುವ ಸಿದ್ದಮ್ಮ ನಮ್ಮೆಲ್ಲರಿಗಿಂತ ಹಿರಿಯರು. "ಅಂಗಾರೆ ದ್ಯಾವ್ರುಗಳೆಲ್ಲ ನಿಮ್ ಕಾಟಕ್ಕೆ ಊರು ಬುಟ್ಟು ಓಗವೆ ಬುಡಿ" ಎಂದರು. ಅಳುತ್ತಿದ್ದವರೆಲ್ಲ ನಕ್ಕೆವು. ಆಮೇಲೆ ಅವರೇ ಗದರಿದರು: "ದ್ಯಾವ್ರನ್ನ ಸಾವು ಕೇಳೋ ಬದ್ಲು ಒಬ್ರನ್ನೊಬ್ರು ಸಾಯ ಮಾಡಿ ಅಂತ ಕೇಳಿದ್ರೆ ಆಯ್ತಿರ್ನಿಲ್ವಾ ಕಣಮ್ಮಿ?" ಅಲ್ಲೇ ತೀರ್ಮಾನವಾಯಿತು. ಮಂಗಳ ಶಾಹೀನಾಳ ಮನೆಯಲ್ಲಿರುವುದು, ಉಳಿದವರು ಹಗಲು ಹೊತ್ತು ಸರದಿಯ ಮೇಲೆ ಹೋಗಿ ಜೊತೆಗಿರುವುದು.

ಚಾಮರಾಜನಗರದ ಆಸ್ಪತ್ರೆಗೆ ಹೊರಟ ಬೆಳಿಗ್ಗೆ ಮಂಗಳ ನನ್ನ ಸೆರಗು ಬಿಡಲಿಲ್ಲ. ಬಿಡಿಸಿಕೊಂಡು ಬಸ್ಸು ಹತ್ತಿದವಳು ತೆರಕಣಾಂಬಿ ದಾಟುವವರೆಗೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದೆ. ಸಂಜೆ ಶಾಹೀನಾಳಿಗೆ ಫೋನ್ ಮಾಡಿದರೆ, "ನೀರು ಕುಡಿದ್ಲು ಅಕ್ಕಾ, ಊಟ ಮುಟ್ತಾ ಇಲ್ಲ." ಮಾರನೆಯ ಬೆಳಿಗ್ಗೆಯೂ ಅದೇ ಉತ್ತರ. ಆಪರೇಷನ್ನಿಗೆ ಕರೆಯಲು ಬಂದಾಗ ನಾನು ಊರಿಗೆ ಹೋಗುತ್ತೇನೆಂದು ಹಠ ಹಿಡಿದೆ. ನಮ್ಮ ಯಜಮಾನರು, "ಸುಮ್ಕೆ ಓಗಮ್ಮಿ, ಗೋಪಾಲ ಅವ್ನೆ" ಎಂದರು. ನಾನು ಎಷ್ಟು ಕರೆದರೂ ಒಂದು ದಿನ ಬೆಟ್ಟಕ್ಕೆ ಬಾರದ ಮನುಷ್ಯ! ಆ ಬಾಯಲ್ಲಿ ಆ ಮಾತು ಕೇಳಿದ ಬೆರಗಿನಲ್ಲೇ ಒಳಗೆ ಹೋದೆ.

ಸಂಜೆ ಎಚ್ಚರವಾದಾಗ ಅವರು ನಗುತ್ತ ಫೋನನ್ನು ನನ್ನ ಕಿವಿಗಿಟ್ಟರು. ಶಾಹೀನಾ ಒಂದೇ ಉಸಿರಿನಲ್ಲಿ ಹೇಳಿದಳು. ನಾನು ಹೇಳಿಕೊಟ್ಟಿದ್ದಂತೆ ಅವಳು ಮಂಗಳಳನ್ನು ಬೇರೆ ಕೂರಿಸಿ, ಎಲ್ಲರಿಗಿಂತ ಮೊದಲೇ ತುತ್ತಿಡಲು ನೋಡಿದ್ದಳಂತೆ. ಮಧ್ಯಾಹ್ನ ಸೋತು, ಮನೆಯವರೆಲ್ಲ ಎಂದಿನಂತೆ ಚಾಪೆ ಹಾಸಿ ಒಂದೇ ದೊಡ್ಡ ತಟ್ಟೆಯ ಸುತ್ತ ಊಟಕ್ಕೆ ಕೂತರಂತೆ. ಮಂಗಳ ತಾನಾಗಿ ಬಂದು ಇರ್ಫಾನನ ಪಕ್ಕ ಜಾಗ ಮಾಡಿಕೊಂಡಳು. ಅನ್ನ ಕಲಸಿ ಮೊದಲ ತುತ್ತನ್ನು ಶಾಹೀನಾಳ ಬಾಯಿಗಿಟ್ಟಳು, ಮುಂದಿನದನ್ನು ತಾನು ತಿಂದಳು. "ತನ್ನ ಕೈಯಿಂದಾನೇ ಅಕ್ಕಾ! ಸಾರು ಎರಡು ಸಲ ಹಾಕಿಸ್ಕೊಂಡ್ಲು!"

ನಿಜ ಹೇಳುತ್ತೇನೆ, ಮೊದಲು ಬಂದದ್ದು ಹೊಟ್ಟೆಕಿಚ್ಚು. ಇಷ್ಟು ವರ್ಷ ನನ್ನಿಂದ ತುತ್ತಿಡಿಸಿಕೊಂಡು ಈ ಕಳ್ಳಿ ಮಾಡಿದ ಕೆಲಸ ನೋಡಿ! ಆಮೇಲೆ ನಗು ಉಕ್ಕಿತು, ಹೊಲಿಗೆ ನೋವಿಗೆ ನಗಲೂ ಆಗಲಿಲ್ಲ. ನಮ್ಮ ಮನೆಯಲ್ಲಿ ಅವಳಿಗೆ ಯಾವಾಗಲೂ ಒಬ್ಬಳಿಗೇ ಊಟ. ಎಲ್ಲರ ನಡುವೆ ಕೂರಿಸಬಹುದೆಂದು ನಮಗೆ ಹೊಳೆದೇ ಇರಲಿಲ್ಲ. ಸಾರು ಬಡಿಸಿದವಳು ಶಾಹೀನಾ, ಅವಳ ಮನೆಯ ದಾರಿ ತೋರಿಸಿದವನು ನನ್ನ ಗೋಪಾಲ. ಈಗ ಭಾನುವಾರ ಭಾನುವಾರ ಸಂಘದ ಮಕ್ಕಳೆಲ್ಲ ಒಬ್ಬೊಬ್ಬರ ಮನೆಯಲ್ಲಿ ಸೇರಿ ಉಣ್ಣುತ್ತಾರೆ. ಹಪ್ಪಳ ಕರಿದು ಸಾಕಾಯಿತೆಂದು ಸಿದ್ದಮ್ಮ ಗೊಣಗುತ್ತಾರೆ, ಆದರೂ ತಮ್ಮ ಸರದಿ ಬಿಟ್ಟುಕೊಡುವುದಿಲ್ಲ.

ಗಾಯ ಮಾಗಿದ ಮೇಲೆ ಒಂದು ಶನಿವಾರ ಬೆಟ್ಟಕ್ಕೆ ಹೋದೆವು. ಈ ಸಲ ಯಜಮಾನರೂ ಬಂದರು. ತಪ್ಪಲಿನಲ್ಲಿ ಬೆಟ್ಟದ ಬಸ್ಸು ಹತ್ತಿ ಮೇಲೆ ಹೋದರೆ ಮಂಜು, ಹಲ್ಲು ಕಟಕಟಿಸುವ ಚಳಿ. ಸ್ವಾಮಿಯ ಮುಂದೆ ಕೈಮುಗಿದು, "ಇಷ್ಟು ವರ್ಸ ಕೇಳಿದ್ದನ್ನ ಮರ್ತುಬುಡಪ್ಪ. ನಡೆಸ್ಕೊಡಬ್ಯಾಡ. ನೀನು ಕಿವಿಗೆ ಆಕ್ಕೊಳ್ದೆ ಇದ್ದುದ್ದೇ ನನ್ ಪುಣ್ಯ" ಎಂದು ಅತ್ತೆ.

ಹೊರಗೆ ಬಂದು ಕೂತಾಗ ಮಂಗಳ ಪ್ರಸಾದ ತೆಗೆದು ನನ್ನ ಬಾಯಿಗೆ ಹಿಡಿದಳು. "ಉಣ್ಣವ್ವ" ಎಂದಳು.

ಉಂಡೆ. ಎದ್ದು ಮತ್ತೆ ಒಳಗೆ ಹೋದೆ, ಕೇಳುವುದೊಂದು ಉಳಿದುಹೋಗಿತ್ತು: "ನನಗಿಂತ ಜಾಸ್ತಿ ದಿನ ಬದುಕ್ಲಿ ಕಣಪ್ಪ ಇವಳು." ಹಳೆಯದನ್ನು ಕೇಳಿಸಿಕೊಳ್ಳದ ಸ್ವಾಮಿ ಇದನ್ನು ಕೇಳಿಸಿಕೊಂಡಿದ್ದಾನೆ, ನನಗೆ ಗೊತ್ತು.