ಮಿತಿಯಿಲ್ಲದ ಜಾಗ

ಆ ಬೀದಿಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಜಾಗದಮ್ಮ ಎಂದೇ. ಬೀಗದ ಕೈ ಮಾಡುವವನ ಅಂಗಡಿ ಪಕ್ಕದ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಅವಳ ಒಂದೇ ಕೋಣೆಯ ಆಫೀಸು. ಬಾಗಿಲ ಮೇಲೊಂದು ಬೋರ್ಡು: 'ಇಂಟರ್ನೆಟ್ಟಿನಲ್ಲಿ ನಿಮಗೊಂದು ಜಾಗ'. ಅದರ ಕೆಳಗೆ ದಪ್ಪ ಕೆಂಪಕ್ಷರದಲ್ಲಿ 'ಅನ್‌ಲಿಮಿಟೆಡ್'. ಬೋರ್ಡು ಪೂರ್ತಿ ಓದದೆ ಮನೆ ಕಟ್ಟಿಸುವ ಆಸೆಯಿಂದ ಮೆಟ್ಟಿಲು ಹತ್ತಿ ಬರುವವರು ವರ್ಷಕ್ಕೆ ನಾಲ್ಕು ಜನವಾದರೂ ಇದ್ದಾರೆ. "ಅಮ್ಮಾ, ಮೂಲೆ ಸೈಟು ಯಾವುದಾದ್ರೂ ಇದೆಯಾ?" ಎಂದು ಏದುಸಿರು ಬಿಡುತ್ತಾ ಕೇಳುತ್ತಾರೆ. "ಇದೆ, ಆದ್ರೆ ಬಾವಿ ತೋಡ್ಸೋಕಾಗಲ್ಲ" ಎಂದು ಇವಳು ಕಂಪ್ಯೂಟರಿನಿಂದ ಮುಖ ಎತ್ತದೆ ಹೇಳುತ್ತಾಳೆ.

ಅವಳ ಕಸುಬು ಇಷ್ಟೇ. ದೂರದಲ್ಲೆಲ್ಲೋ ಒಂದು ದೊಡ್ಡ ಕಂಪನಿ. ಅವರ ಹತ್ತಿರ ಸದಾ ಓಡುತ್ತಿರುವ ಯಂತ್ರಗಳು, ಸರ್ವರುಗಳು. ಒಂದೊಂದು ಸರ್ವರಿನೊಳಗೂ ನೂರಾರು ವೆಬ್‌ಸೈಟುಗಳು ಒಟ್ಟಿಗೆ ಬಾಳಬೇಕು. ಅಂಥದ್ದರಲ್ಲಿ ಒಂದು ಪಾಲನ್ನು ಸಗಟಾಗಿ ಹಿಡಿದು, ತುಂಡು ಮಾಡಿ ಊರಿನವರಿಗೆ ಕೊಡುವವಳು ಇವಳು. ಹಲ್ಲಿನ ಡಾಕ್ಟರು, ಡ್ರೈವಿಂಗ್ ಸ್ಕೂಲು, ಹೊಲಿಗೆ ಕ್ಲಾಸು, ಕನ್ನಡಕದ ಅಂಗಡಿ ಎಲ್ಲಾ ಸೇರಿ ನಲವತ್ಮೂರು ಗಿರಾಕಿಗಳು. ಬೆಳಿಗ್ಗೆ ಆಫೀಸಿಗೆ ಬಂದು ಫ್ಯಾನು ಹಾಕಿದ ಕೂಡಲೇ ಅವಳು ಮಾಡುವ ಮೊದಲ ಕೆಲಸ ನಲವತ್ಮೂರನ್ನೂ ಒಂದೊಂದಾಗಿ ತೆರೆದು, ಬದುಕಿವೆಯೋ ಸತ್ತಿವೆಯೋ ನೋಡುವುದು. ಅರ್ಧಕ್ಕರ್ಧ ದಿನ ಸತ್ತೇ ಇರುತ್ತಿದ್ದವು.

ಏಕೆಂದರೆ ಆ ಕಂಪನಿಯವರಿಗೆ ನಾಚಿಕೆ ಎನ್ನುವುದೇ ಇಲ್ಲ. ಇನ್ನೂರು ಸೈಟು ಹಿಡಿಸುವ ಸರ್ವರಿಗೆ ಒಂಬೈನೂರು ತುರುಕುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ಎಲ್ಲಿ ಬರುತ್ತಾರೆ ಎಂಬ ಧೈರ್ಯ. ಒಬ್ಬ ಸ್ವಲ್ಪ ಜೋರಾಗಿ ಉಸಿರೆಳೆದರೆ ಉಳಿದವರಿಗೆಲ್ಲ ಉಸಿರು ಕಟ್ಟುತ್ತದೆ. ಹಲ್ಲಿನ ಡಾಕ್ಟರು ಫೋನು ಮಾಡಿ, "ನನ್ನ ಸೈಟು ತೆರೆಯೋದಕ್ಕಿಂತ ಬೇಗ ನಾನು ದವಡೆ ಹಲ್ಲು ಕೀಳ್ತೀನಿ" ಎಂದು ಹಂಗಿಸುತ್ತಾರೆ. ಇವಳು ಕಂಪನಿಗೆ ದೂರು ಬರೆದರೆ ಉತ್ತರ ಯಾವಾಗಲೂ ಒಂದೇ: 'ನಮ್ಮ ಕಡೆಯಿಂದ ಎಲ್ಲವೂ ಸರಿಯಿದೆ. ನಿಮ್ಮ ತಾಳ್ಮೆಗೆ ಧನ್ಯವಾದಗಳು.' ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಆ ಧನ್ಯವಾದ ಓದಿದಾಗಲೆಲ್ಲ ಅವಳಿಗೆ ಅಸಹ್ಯವಾಗುತ್ತಿತ್ತು. ಬೈದರಾದರೂ ವಾಸಿ, ಬಾಯ್ತುಂಬ ಬೆಲ್ಲ ಇಟ್ಟುಕೊಂಡು ಸುಳ್ಳು ಹೇಳುವವರ ಜೊತೆ ಏಗುವುದು ಹೇಗೆ?

ಮಧ್ಯಾಹ್ನ ಒಂದಕ್ಕೆ ಗಂಡ ಊಟದ ಕ್ಯಾರಿಯರ್ ಹಿಡಿದು ಮೆಟ್ಟಿಲು ಹತ್ತುತ್ತಾನೆ. ಮೂವತ್ತೆರಡು ವರ್ಷ ಬಸ್ಸಿನ ಕಂಡಕ್ಟರಾಗಿದ್ದು ಮನೆ ಸೇರಿದ ಮನುಷ್ಯ, ಗಂಟಲು ಮಾತ್ರ ಇನ್ನೂ ಕೆಲಸ ಬಿಟ್ಟಿಲ್ಲ. "ಒಳಗ್ಹೋಗಿ, ಒಳಗ್ಹೋಗಿ, ಹಿಂದೆ ಎಲ್ಲಾ ಖಾಲಿ!" ಎಂದು ಬಾಗಿಲಲ್ಲೇ ಕೂಗುತ್ತಾನೆ. "ನಿನ್ನ ಕಂಪನಿಯವರೂ ನಮ್ಮ ಡಿಪೋದಲ್ಲೇ ಟ್ರೈನಿಂಗ್ ತಗೊಂಡವರು ಕಣೇ."

"ನಿಮಗೆ ತಮಾಷೆ" ಎಂದು ಅವಳು ಸಿಡುಕುತ್ತಾಳೆ.

"ನೀನೇನು ಕಮ್ಮಿನಾ? ನಿನ್ನ ಪಾಲಿನ ಜಾಗದಲ್ಲಿ ಎಷ್ಟು ಹಿಡಿಸುತ್ತೆ? ಎಷ್ಟು ಜನರನ್ನ ಹತ್ತಿಸಿದ್ದೀಯ?"

ಹದಿನೈದು ಹಿಡಿಸುತ್ತಿತ್ತು. ಅವಳು ಕ್ಯಾರಿಯರಿನ ಮುಚ್ಚಳ ತೆಗೆಯುತ್ತಿದ್ದಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಈ ಗಿರಾಕಿಗಳಲ್ಲಿ ಒಂದು, ಕಿವಿ ಕೇಳದ ಮಕ್ಕಳ ಶಾಲೆ. ಸುತ್ತಮುತ್ತ ಎಲ್ಲೂ ಅಂಥದ್ದು ಇನ್ನೊಂದಿಲ್ಲ. ವರ್ಷಕ್ಕೆ ಇಪ್ಪತ್ನಾಲ್ಕೇ ಸೀಟು, ಮೊದಲು ಬಂದವರಿಗೆ ಮೊದಲು. ಹೋದ ವರ್ಷದವರೆಗೂ ಅಪ್ಪ ಅಮ್ಮಂದಿರು ಮಕ್ಕಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಯ ಗೇಟಿನ ಮುಂದೆ ಬಿಸಿಲಲ್ಲಿ ಸಾಲು ನಿಲ್ಲುತ್ತಿದ್ದರು. ಇದೇನು ಹಿಂಸೆ, ಫಾರಂ ಇಂಟರ್ನೆಟ್ಟಿನಲ್ಲಿ ತುಂಬಿಸಿ ಎಂದು ದೊಡ್ಡ ಟೀಚರಿಗೆ, ಅಂದರೆ ಆ ಶಾಲೆಯ ಮುಖ್ಯೋಪಾಧ್ಯಾಯಿನಿಗೆ, ಬುದ್ಧಿ ಹೇಳಿದವಳು ಇವಳೇ.

"ಎಲ್ರೂ ಒಟ್ಟಿಗೆ ಬಂದ್ರೆ ತಡೆಯುತ್ತೇನಮ್ಮಾ?" ಎಂದು ದೊಡ್ಡ ಟೀಚರು ಎರಡು ಸಲ ಕೇಳಿದ್ದರು.

"ಅನ್‌ಲಿಮಿಟೆಡ್, ಟೀಚರ್" ಎಂದು ಇವಳು ಎರಡು ಸಲವೂ ಹೇಳಿದ್ದಳು.

ಆ ಇಪ್ಪತ್ನಾಲ್ಕರಲ್ಲಿ ಒಂದು ಸೀಟು ಈ ವರ್ಷ ಅವಳ ಮನೆಗೇ ಬೇಕಾಗಿತ್ತು. ತಂಗಿಯ ಮಗಳು ಪುಟ್ಟಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಆರು ವರ್ಷ ತುಂಬಿತ್ತು, ಏಳಾದ ಮೇಲೆ ಶಾಲೆ ಸೇರಿಸಿಕೊಳ್ಳುವುದಿಲ್ಲ. ಪುಟ್ಟಿ ದೊಡ್ಡಮ್ಮನನ್ನು ಕರೆಯುವುದಕ್ಕೆ ತಾನೇ ಒಂದು ಸನ್ನೆ ಮಾಡಿಕೊಂಡಿದ್ದಳು. ಎಡ ಅಂಗೈ ಚಾಚಿ, ಅದರ ಮೇಲೆ ಬಲಗೈಯ ಬೆರಳುಗಳನ್ನು ಟಪಟಪ ಕುಣಿಸುವುದು. ಆ ಸನ್ನೆ ಮನೆಯ ನಾಲ್ಕು ಜನರಿಗೆ ಬಿಟ್ಟರೆ ಹೊರಗೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಶಾಲೆ ಸೇರದಿದ್ದರೆ ಆ ಮಗುವಿನ ಪ್ರಪಂಚ ಆ ನಾಲ್ಕು ಜನರಿಗೇ ಮುಗಿಯುತ್ತಿತ್ತು.

ಅರ್ಜಿಯ ದಿನ ಹತ್ತಿರ ಬಂದಂತೆ ಅವಳಿಗೆ ಪುಕುಪುಕು ಶುರುವಾಯಿತು. ಸರ್ವರು ಇದ್ದಕ್ಕಿದ್ದಂತೆ ಕುಸಿಯುತ್ತಲೇ ಇತ್ತು. ಅದೇ ಸರ್ವರಿನಲ್ಲಿ ಯಾರೋ ರಿಂಗ್‌ಟೋನ್ ಹಂಚುವ ಸೈಟು ಇಟ್ಟಿದ್ದಾನೆಂದು ಪತ್ತೆ ಮಾಡಿ, ಇವನೇ ಎಲ್ಲವನ್ನೂ ಮೇಯುತ್ತಿರುವ ಗೂಳಿ ಎಂದು ತೀರ್ಮಾನಿಸಿದಳು. ಮೈಯೆಲ್ಲಾ ಉರಿದು ಕಂಪನಿಗೆ ಖಾರವಾದ ಪತ್ರ ಬರೆದಳು: 'ಮಿತಿ ಮೀರಿದವರು ಯಾರೇ ಆಗಿರಲಿ, ಆ ಕ್ಷಣವೇ ನಿಲ್ಲಿಸಿ. ಕೇಳುವುದು, ಕಾಯುವುದು, ಎಚ್ಚರಿಕೆ ಕೊಡುವುದು ಏನೂ ಬೇಡ. ಇಲ್ಲದಿದ್ದರೆ ನಲವತ್ಮೂರು ಗಿರಾಕಿಗಳನ್ನೂ ಕರೆದುಕೊಂಡು ಬೇರೆ ಕಡೆ ಹೋಗುತ್ತೇನೆ.' ವರ್ಷಗಳಲ್ಲಿ ಮೊದಲ ಬಾರಿಗೆ ಬೇರೆ ಉತ್ತರ ಬಂತು: 'ನಿಮ್ಮ ಕೋರಿಕೆಯಂತೆ ಈ ಸರ್ವರಿಗೆ ನಿಯಮ ಬಿಗಿ ಮಾಡಲಾಗಿದೆ.' ಅವಳು ಅವತ್ತು ಗಂಡನಿಗೆ ಎರಡು ಸಲ ಓದಿ ಹೇಳಿದಳು.

ಗುರುವಾರ ತಂಗಿಗೆ ಫೋನು ಮಾಡಿ, ತಿಳಿದವಳ ಗತ್ತಿನಲ್ಲಿ ಪಾಠ ಹೇಳಿದಳು. "ನಾಳೆ ಹತ್ತಕ್ಕೇ ನುಗ್ಗಬೇಡ. ಮೊದಲ ಐದು ನಿಮಿಷ ಎಲ್ರೂ ಒಟ್ಟಿಗೆ ಒತ್ತುತ್ತಾರೆ, ಫಾರಂ ಅರ್ಧಕ್ಕೆ ನಿಂತ್ಹೋಗುತ್ತೆ. ಹೋದ ವರ್ಷ ಗೇಟಿನ ಮುಂದೆ ಸಾಲು ನಿಂತಾಗ ಸೀಟು ತುಂಬೋಕೆ ಮಧ್ಯಾಹ್ನ ಆಗಿತ್ತು. ನೀನು ಹತ್ತು ಗಂಟೆ ಹತ್ತು ನಿಮಿಷಕ್ಕೆ ನೆಮ್ಮದಿಯಾಗಿ ಕೂತು ತುಂಬು."

"ಆಯ್ತಕ್ಕ. ನೀನು ಹೇಳಿದ ಮೇಲೆ ಇನ್ನೇನು."

ಶುಕ್ರವಾರ ಹತ್ತಕ್ಕೆ ಫಾರಂ ತೆರೆಯಿತು. ಅವಳು ಎರಡು ಪರದೆಗಳ ಮುಂದೆ ಕೂತಿದ್ದಳು. ಒಂದು, ಎರಡು, ಐದು, ಒಂಬತ್ತು, ಅರ್ಜಿಗಳು ಬರತೊಡಗಿದವು. ಹತ್ತು ಗಂಟೆ ಮೂರು ನಿಮಿಷಕ್ಕೆ ಕಂಪನಿಯಿಂದ ಸಂದೇಶ: 'ಮಿತಿ ಮೀರಿ ಸರ್ವರು ಬಳಸುತ್ತಿದ್ದ ಒಂದು ಸೈಟನ್ನು, ನಿಮ್ಮ ಕೋರಿಕೆಯಂತೆ, ತಕ್ಷಣ ನಿಲ್ಲಿಸಲಾಗಿದೆ.'

"ಸಿಕ್ಕಿಬಿದ್ನಾ ಮುಂಡೇಗಂಡ!" ಎಂದು ಅವಳು ಮೇಜು ಗುದ್ದಿದಳು. ಕೆಳಗೆ ಬೀಗದ ಕೈಯವನು ಉಜ್ಜುವುದನ್ನು ನಿಲ್ಲಿಸಿ ಮೇಲೆ ನೋಡಿರಬೇಕು. ಆಮೇಲೆ ಸಂದೇಶದ ಎರಡನೇ ಸಾಲು ಓದಿದಳು. ನಿಂತದ್ದು ಶಾಲೆಯ ಸೈಟು.

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಿದ್ದಳು. ರಿಂಗ್‌ಟೋನಿನವನು ಎಲ್ಲೋ ತಣ್ಣಗೆ ಕೂತಿದ್ದ. ನಾನೂರು ಮನೆಗಳ ಅಪ್ಪ ಅಮ್ಮಂದಿರು ಒಂದೇ ಗಳಿಗೆಯಲ್ಲಿ ಬಾಗಿಲು ತಟ್ಟಿದ್ದೇ ಮಿತಿ ಮೀರಿದ್ದಾಗಿ, ಯಂತ್ರ ಇವಳು ಬರೆದ ಹಾಗೇ, ಕೇಳದೆ, ಕಾಯದೆ, ಎಚ್ಚರಿಕೆ ಕೊಡದೆ ಅವರ ಮುಖದ ಮೇಲೆ ಬಾಗಿಲು ಹಾಕಿತ್ತು.

ಅವಳು ಕಂಪನಿಯವರಿಗೆ ಬರೆದಳು, ಬೇಡಿದಳು, ಬೈದಳು. ಆ ಕಡೆ ಇದ್ದವನು ಯಾರೋ, 'ನಿಮ್ಮ ತಾಳ್ಮೆಗೆ ಧನ್ಯವಾದಗಳು' ಎಂದ. ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ತಂಗಿಯ ಫೋನು. "ಅಕ್ಕಾ, ಏನೋ 'ನಿಲ್ಲಿಸಲಾಗಿದೆ' ಅಂತ ಬರ್ತಿದೆ. ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟು ತುಂಬ್ಲಾ?"

"ಒತ್ತುತ್ತಾ ಇರು. ಕೈ ಬಿಡಬೇಡ, ಒತ್ತುತ್ತಾನೇ ಇರು."

ಸೈಟಿಗೆ ಮತ್ತೆ ಜೀವ ಬಂದಾಗ ಹತ್ತು ಐವತ್ತು. ನಾಲ್ಕು ನಿಮಿಷದಲ್ಲಿ ಇಪ್ಪತ್ನಾಲ್ಕೂ ಭರ್ತಿ. ಪುಟ್ಟಿಯ ಹೆಸರು ಇಪ್ಪತ್ತೊಂಬತ್ತನೆಯದು.

ಒಂದು ಗಂಟೆಗೆ ಗಂಡ ಕ್ಯಾರಿಯರ್ ತರುವ ಮೊದಲೇ ತಂಗಿ ಮಗುವಿನ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದಳು. ಅತ್ತು ಕಣ್ಣು ಊದಿತ್ತು. ಪುಟ್ಟಿ ದೊಡ್ಡಮ್ಮನನ್ನು ನೋಡಿ ಅಂಗೈ ಮೇಲೆ ಬೆರಳು ಕುಣಿಸಿ ನಕ್ಕಳು.

"ಅಕ್ಕ, ಆ ಪಟ್ಟಿ ನಿನ್ನ ಕೈಯಲ್ಲೇ ಇದೆಯಲ್ವಾ? ಒಂದು ಸಾಲು ಬದಲಾಯಿಸು. ಯಾರಿಗೆ ಗೊತ್ತಾಗುತ್ತೆ?"

ಕೈಯಲ್ಲೇ ಇತ್ತು. ಎಲ್ಲ ಗಿರಾಕಿಗಳ ಬೀಗದ ಕೈಯೂ ಅವಳ ಹತ್ತಿರ ಇರುತ್ತದೆ, ಈ ಕಸುಬಿನ ಪದ್ಧತಿಯೇ ಅದು. ಪಟ್ಟಿ ತೆರೆದಳು. ಪುಟ್ಟಿಯನ್ನು ಒಳಗೆ ಹಾಕಬೇಕಾದರೆ ಇಪ್ಪತ್ನಾಲ್ಕನೆಯ ಮಗುವನ್ನು ಇಳಿಸಬೇಕು. ಗಂಡುಮಗು, ಐದೂವರೆ ವರ್ಷ, ಅಪ್ಪನ ಕೆಲಸ ಲಾರಿ ಕ್ಲೀನರ್. ಅವನ ಫೋನಿನಿಂದ ಎಷ್ಟು ಪ್ರಯತ್ನ ನಡೆದಿತ್ತು ಎನ್ನುವುದೂ ಅಲ್ಲೇ ದಾಖಲಾಗಿತ್ತು. ಸೈಟು ಸತ್ತಿದ್ದ ನಲವತ್ತೇಳು ನಿಮಿಷಗಳಲ್ಲಿ ಅವನು ಅರವತ್ಮೂರು ಸಲ ಒತ್ತಿದ್ದ.

ಅವಳಿಗೆ ಅಸಹ್ಯವಾಯಿತು. ಕಂಪನಿಯ ಮೇಲೆ ಅಲ್ಲ, ಅದು ಹಳೆಯ ಅಸಹ್ಯ. ಇದು ತನ್ನ ಮೇಲೆಯೇ ಬಂದದ್ದು. ಒಂಬೈನೂರು ತುಂಬಿದವರನ್ನು ವರ್ಷಗಟ್ಟಲೆ ಬೈದು, ತಾನು ಹದಿನೈದರ ಜಾಗಕ್ಕೆ ನಲವತ್ಮೂರು ತುಂಬಿದ್ದಳು. ಈಗ ಒಬ್ಬನನ್ನು ಕೆಳಗೆ ತಳ್ಳಿ ಇನ್ನೊಬ್ಬರನ್ನು ಹತ್ತಿಸುವುದೊಂದು ಬಾಕಿ ಇತ್ತು. ಬೆರಳು ಕೀಲಿಗಳ ಮೇಲೇ ಇತ್ತು. ಬಾಗಿಲಲ್ಲಿ ಗಂಡ ಕ್ಯಾರಿಯರ್ ಹಿಡಿದು ನಿಂತಿದ್ದ.

"ಆಗಲ್ಲ ಕಣೇ" ಎಂದಳು ತಂಗಿಗೆ, ಪಟ್ಟಿ ಮುಚ್ಚುತ್ತಾ. ತಂಗಿ ಮಗುವನ್ನು ಎಳೆದುಕೊಂಡು ಇಳಿದುಹೋದಳು. ಅವರ ಚಪ್ಪಲಿ ಸದ್ದು ಬೀದಿ ಸೇರುವ ತನಕ ಕಾದು, ಅವಳು ದೊಡ್ಡ ಟೀಚರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಾನೇ ಬರೆದ ಪತ್ರ, ತಾನೇ ಕೇಳಿದ ನಿಯಮ, ಎಲ್ಲ.

"ಅನ್‌ಲಿಮಿಟೆಡ್ ಅಂದಿದ್ರಲ್ಲಮ್ಮಾ? ನಾನು ಎರಡು ಸಲ ಕೇಳಿದ್ದೆ."

"ಸುಳ್ಳು ಟೀಚರ್. ಅವರು ನಂಗೆ ಹೇಳಿದ್ರು, ನಾನು ನಿಮಗೆ ದಾಟಿಸ್ದೆ. ಸುಳ್ಳು ಅಂತ ನಂಗೆ ಗೊತ್ತಿತ್ತು."

ದೊಡ್ಡ ಟೀಚರು ಸಂಜೆಗೆ ತೀರ್ಮಾನ ಹೇಳಿ ಕಳಿಸಿದರು. ಬಾಗಿಲು ಮುಚ್ಚುವ ಮೊದಲು ಮೂರು ನಿಮಿಷದಲ್ಲಿ ಬಂದ ಹನ್ನೊಂದು ಅರ್ಜಿಗಳು ನ್ಯಾಯವಾಗಿ ಬಂದವು, ಅವರ ಸೀಟು ಮುಟ್ಟುವ ಹಾಗಿಲ್ಲ. ಉಳಿದ ಹದಿಮೂರು ಸೀಟುಗಳಿಗೆ ಮಿಕ್ಕವರೆಲ್ಲರ ಹೆಸರು ಬರೆದು ಸೋಮವಾರ ಎಲ್ಲರ ಮುಂದೆ ಚೀಟಿ ಎತ್ತುವುದು.

ಶನಿವಾರ ಅವಳು ಬೀಗದ ಕೈಯವನಿಂದ ಚೂಪಾದ ಉಳಿ ತಂದು ಬೋರ್ಡಿನ ಕೆಂಪಕ್ಷರಗಳನ್ನು ಕೆರೆದು ಹಾಕಿದಳು. ಕೆರೆಯುತ್ತಿರುವಾಗಲೇ ಒಬ್ಬ ಗಿರಾಕಿ ಬಂದ, ಪೀಠೋಪಕರಣದ ಅಂಗಡಿಯವನು. "ಎಷ್ಟು ಜನ ಬಂದ್ರೂ ತಡೆಯುತ್ತಾ?" ಎಂದ.

"ಒಟ್ಟಿಗೆ ಮೂವತ್ತು ಜನ. ಮೂವತ್ತೊಂದನೆಯವನು ಬಂದ್ರೆ ಬೀಳುತ್ತೆ."

"ಬೇರೆಯವರು ಮಿತಿಯೇ ಇಲ್ಲ ಅಂತಾರಲ್ಲಾ?"

"ಹಾಗಾದ್ರೆ ಅವರ ಹತ್ರಾನೇ ಹೋಗಿ."

ಅವನು ಹೋದ. ಒಳಗೆ ಕಂಪ್ಯೂಟರಿನಲ್ಲಿ ಕಂಪನಿಯ ಪತ್ರ ಬಂದು ಕೂತಿತ್ತು: ನಿಮ್ಮ ದೂರು ತೃಪ್ತಿಕರವಾಗಿ ಬಗೆಹರಿದಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಥೂ, ಎಂದು ಅವಳು ಪರದೆಯನ್ನೇ ಆರಿಸಿದಳು.

ಸೋಮವಾರ ಶಾಲೆಯ ಅಂಗಳದಲ್ಲಿ ಜನವೋ ಜನ. ನೀರಿನ ಬಿಂದಿಗೆಯೊಂದರಲ್ಲಿ ಚೀಟಿಗಳು. ಶಾಲೆಯಲ್ಲೇ ಓದುವ ಹುಡುಗಿಯೊಬ್ಬಳು ಒಂದೊಂದಾಗಿ ಎತ್ತಿ ಕೊಟ್ಟಳು, ದೊಡ್ಡ ಟೀಚರು ಓದಿದರು, ಪಕ್ಕದಲ್ಲಿ ನಿಂತ ಇನ್ನೊಬ್ಬ ಟೀಚರು ಅದನ್ನೇ ಕೈಸನ್ನೆಯಲ್ಲಿ ಹೇಳಿದರು. ಆರನೆಯದು ಲಾರಿ ಕ್ಲೀನರ್‌ನ ಮಗನದು. ಒಬ್ಬ ಮನುಷ್ಯ ಗ್ರೀಸು ಹತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ನೆಲದ ಮೇಲೆ ಕೂತುಬಿಟ್ಟ. ಹತ್ತು, ಹನ್ನೊಂದು, ಹನ್ನೆರಡು. ತಂಗಿ ಅಕ್ಕನ ತೋಳು ಹಿಡಿದುಕೊಂಡಳು, ಮೂರು ದಿನದಲ್ಲಿ ಮೊದಲ ಸಲ. ಹದಿಮೂರನೆಯ ಚೀಟಿಯೂ ಬೇರೆ ಯಾರದೋ ಹೆಸರಾಯಿತು. ತಂಗಿ ಕೈ ಬಿಟ್ಟಳು.

ಪ್ರತಿ ಹೆಸರಿಗೂ ಜನ ಚಪ್ಪಾಳೆ ತಟ್ಟುತ್ತಿದ್ದರು. ಪುಟ್ಟಿಗೆ ಸದ್ದು ಕೇಳದಿದ್ದರೂ ಎಲ್ಲರ ಕೈ ನೋಡಿ ಅವಳೂ ತಟ್ಟಿದಳು, ಕೊನೆಯ ಹೆಸರಿಗೆ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಗೇಟಿನ ಹತ್ತಿರ ತಂಗಿ ನಿಂತಳು. ಪಟ್ಟಿ ಬದಲಾಯಿಸಲಿಲ್ಲ ಎಂದು ಬೈಯುತ್ತಾಳೆಂದು ಅಕ್ಕ ಕಾದಳು, ಅದಕ್ಕೆ ಕೊಡಬೇಕಾದ ಉತ್ತರವೂ ಅವಳ ಹತ್ತಿರ ಇತ್ತು. ತಂಗಿ ಅದನ್ನು ಕೇಳಲಿಲ್ಲ.

"ನಾನು ಒಂಬತ್ತೂವರೆಗೇ ಎಲ್ಲಾ ಕಾಗದ ಜೋಡಿಸಿಕೊಂಡು, ಫೋನ್ ಮುಂದಿಟ್ಕೊಂಡು ಕೂತಿದ್ದೆ ಅಕ್ಕ" ಎಂದಳು. "ಹತ್ತು ಹೊಡೀತು. ನೀನು ಹೇಳಿದ್ದೆಯಲ್ಲ, ಅದಕ್ಕೆ ಸುಮ್ನೆ ಗಡಿಯಾರ ನೋಡ್ತಾ ಕೂತೆ."