ನಡುವಕ್ಕನ ಕಿರುಬೆರಳು

ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ನಡುವಕ್ಕ ಎಂದೇ ಕರೆಯುತ್ತಾರೆ. ಮೂವರು ಹೆಣ್ಣುಮಕ್ಕಳಲ್ಲಿ ನಡುವಿನವರು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅವರು ನುಡಿಸುವ ವಾದ್ಯ. ವಯೋಲಾ ನೋಡಲು ಪಿಟೀಲಿನಂತೆಯೇ ಇರುತ್ತದೆ. ಗಾತ್ರ ಒಂದು ಸುತ್ತು ದೊಡ್ಡದು, ದನಿ ಒಂದಿಷ್ಟು ಕೆಳಗೆ. ಎರಡು ಪಿಟೀಲು, ಒಂದು ವಯೋಲಾ, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಒಂದು ಸೆಲ್ಲೊ, ಇಷ್ಟು ಸೇರಿದರೆ ಅವರ ಮೇಳ. ರಾಗದ ಎಳೆ ಮೊದಲ ಪಿಟೀಲಿನದು, ತಳಪಾಯ ಸೆಲ್ಲೊದ್ದು. ನಡುವಿನ ದನಿ ಕೇಳುಗರಿಗೆ ಬೇರೆಯಾಗಿ ಕೇಳಿಸುವುದೇ ಅಪರೂಪ. ಅದು ನಿಂತಾಗ ಮಾತ್ರ ಏನೋ ಕಳೆದುಹೋದಂತಾಗುತ್ತದೆ.

ಅವರಪ್ಪ ಲಾರಿ ರಿಪೇರಿ ಮಾಡುತ್ತಿದ್ದವರು. ಸಂಗೀತಶಾಲೆಗೆ ಸೇರಿಸಿದ ದಿನ ಪಿಟೀಲುಗಳೆಲ್ಲ ಬೇರೆ ಮಕ್ಕಳ ಪಾಲಾಗಿದ್ದವು, ಉಳಿದಿದ್ದು ಯಾರಿಗೂ ಬೇಡವಾದ ಒಂದು ವಯೋಲಾ. "ಉದ್ದ ಕೈಯಿದೆ, ಇದನ್ನೇ ತಗೊ" ಎಂದು ಕೊಟ್ಟರಂತೆ. ಬೇಡದ್ದನ್ನು ಹಿಡಿದ ಕೈ ಮತ್ತೆ ಬಿಡಲಿಲ್ಲ. ಮುಂದೆ ದೊಡ್ಡ ವಾದ್ಯವೃಂದದಿಂದ ಕರೆ ಬಂದಾಗ ಹೋಗದೆ ಉಳಿದರು. "ಅಷ್ಟು ಜನರ ಮಧ್ಯೆ ತಪ್ಪಿದ್ರೆ ಯಾರಿಗೂ ಗೊತ್ತಾಗಲ್ಲ. ಗೊತ್ತಾಗದ ಕಡೆ ನುಡಿಸಿ ಏನು ಸುಖ?" ಎಂದು ಈಗಲೂ ನಗುತ್ತಾರೆ.

ಮನೆಯ ಕೆಳಗೆ ಅವರ ಅಕ್ಕನ ಇಸ್ತ್ರಿ ಅಂಗಡಿ, ಮೇಲೆ ಇವರ ಕೋಣೆ. ಅಂಗಡಿಯ ಹಬೆ ಮೆಟ್ಟಿಲು ಹತ್ತಿ ಬಂದರೆ ವಾದ್ಯದ ಮರ ಉಬ್ಬುತ್ತದೆಂದು ಬಾಗಿಲ ಸಂದಿಗೆ ಹಳೆಯ ಕಂಬಳಿಯ ಪಟ್ಟಿ ಹೊಡೆದಿದ್ದಾರೆ. ಬೆಳಗ್ಗೆ ಶಾಲೆಯಲ್ಲಿ ಪಾಠ, ಮಧ್ಯಾಹ್ನ ಈ ಕೋಣೆಯಲ್ಲಿ ಮೇಳದ ತಾಲೀಮು, ಸಂಜೆ ಇಲ್ಲೇ ಮತ್ತೆ ಪಾಠ. ಪಾಠದ ಮಾತುಗಳು ಮಾತ್ರ ಕೆಳಗಿನ ಅಂಗಡಿಯಿಂದಲೇ ಹುಟ್ಟಿದವು. "ಕಮಾನು ಅಂದ್ರೆ ಇಸ್ತ್ರಿಪೆಟ್ಟಿಗೆ ಕಣೋ. ಒತ್ತಿದ್ರೆ ಸುಡತ್ತೆ, ಎತ್ತಿದ್ರೆ ಸುಕ್ಕು ಹೋಗಲ್ಲ." ಬೆರಳು ಸ್ವರದ ಜಾಗಕ್ಕೆ ಸರಿಯಾಗಿ ಬೀಳದಿದ್ದರೆ, "ನಿನ್ನ ಬೆರಳು ಸಾಲ ಕೇಳೋಕೆ ಬಂದ ಭಾವಮೈದುನನ ಥರ ಹೊಸಿಲಲ್ಲೇ ನಿಂತಿದೆ, ಒಳಗೆ ಕರಿಯೋ!" ಬೈಸಿಕೊಂಡ ಮಕ್ಕಳು ನಗುತ್ತಾ ಮೆಟ್ಟಿಲಿಳಿಯುವುದನ್ನು ನಾವೆಲ್ಲ ನೋಡಿದ್ದೇವೆ.

ಮೇಳದ ಮೊದಲ ಪಿಟೀಲಿನವರು ಊರು ಬಿಟ್ಟಾಗ ಆ ಜಾಗಕ್ಕೆ ನಡುವಕ್ಕ ತಮ್ಮ ಶಿಷ್ಯೆಯ ಹೆಸರು ಹೇಳಿದರು. ಬಸ್ ಓಡಿಸುವವರ ಮಗಳು. ಚಿಕ್ಕಂದಿನಿಂದ ಇದೇ ಕೋಣೆಯಲ್ಲಿ ಪಿಟೀಲು ಕಲಿತು, ಈಗ ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಸೆಲ್ಲೊ ನುಡಿಸುವ ಮೇಷ್ಟ್ರು ಒಪ್ಪಲಿಲ್ಲ. ದನಿ ದೊಡ್ಡದೆಂದು ಅವರಿಗೆ ಗುಡುಗು ಮೇಷ್ಟ್ರು ಎಂದೇ ಹೆಸರು.

"ಮೇಳ ನಡಿಯೋದು ಜಗಳದ ಮೇಲೆ ಕಣಮ್ಮ. ನಾನು ತಪ್ಪಿದ್ರೆ ನೀನು ಉಗೀತೀಯ, ನೀನು ತಪ್ಪಿದ್ರೆ ನಾನು. ನಿನ್ನ ಶಿಷ್ಯೆ ನಿನ್ನ ಮೇಲೆ ಜಗಳಕ್ಕೆ ಬರ್ತಾಳಾ?"

"ಬರ್ತಾಳೆ. ನನ್ನ ಕೈಯಲ್ಲಿ ಕಲ್ತವಳು."

"ಜಗಳ ಕಲಿಸಿದ್ದೀಯಾ?"

"ಕೇಳಿಸ್ಕೊಳ್ಳೋದು ಕಲಿಸಿದ್ದೀನಿ. ಜಗಳ ತಾನಾಗೇ ಬರತ್ತೆ."

ಮುಂದಿನ ಕಛೇರಿಯವರೆಗೆ ನೋಡೋಣ ಎಂದಾಯಿತು. ಹುಡುಗಿ ಚೆನ್ನಾಗಿಯೇ ನುಡಿಸಿದಳು. ಆದರೆ ಒಂದು ವಿಲಂಬಿತ ಭಾಗದ ಕೊನೆಯಲ್ಲಿ ನಾಲ್ವರೂ ತಲಾ ಒಂದು ಸ್ವರ ಸೇರಿಸಿ ಒಂದೇ ಸ್ವರಗುಚ್ಛವನ್ನು ಹಿಡಿದು ನಿಲ್ಲುವಾಗ ಪ್ರತಿಸಲವೂ ಸೆಲ್ಲೊ ಅಪಸ್ವರವಾದಂತೆ ಕೇಳಿಸುತ್ತಿತ್ತು. ಮೂವರೂ ಮೇಷ್ಟ್ರ ಕಡೆ ತಿರುಗಿ ನೋಡುವರು. ಮೇಷ್ಟ್ರು ತಂತಿ ಸರಿಮಾಡಿಕೊಳ್ಳುವರು, ಮತ್ತೆ ಹಾಗೆಯೇ.

ಕೊನೆಗೊಂದು ದಿನ ಮೇಷ್ಟ್ರು, ಕುಟ್ಟಿದರೆ ಒಂದೇ ಸ್ವರ ಹೊರಡಿಸುವ ಉಕ್ಕಿನ ಶ್ರುತಿ ಕವಲನ್ನು ಮೇಜಿಗೆ ಕುಟ್ಟಿ ಎಲ್ಲರೆದುರು ಹಿಡಿದರು. ಅವರ ಸ್ವರ ಬರುವುದು ಬೆರಳಿಡದ ತೆರೆದ ತಂತಿಯಿಂದ. ತಂತಿ ಸರಿಯಾಗಿಯೇ ಇತ್ತು. "ಮೂರು ಜನ ಸೇರ್ಕೊಂಡು ನನ್ನನ್ನ ಕಳ್ಳ ಮಾಡಿದ್ರಲ್ಲ! ಒಬ್ಬೊಬ್ರೇ ನುಡಿಸಿ ನೋಡೋಣ."

ಹುಡುಗಿ ಒಬ್ಬಳೇ ನುಡಿಸಿದಳು, ಸರಿಯಿತ್ತು. ನಡುವಕ್ಕ ನುಡಿಸಿದರು. ಅವರ ಸ್ವರ ಕೂದಲೆಳೆಯಷ್ಟು ಕೆಳಗಿತ್ತು. ಆಮೇಲೆ ಇಬ್ಬರೂ ಒಟ್ಟಿಗೆ ನುಡಿಸಿದಾಗ ಹುಡುಗಿಯ ಸ್ವರವೂ ಮೆಲ್ಲನೆ ಜಾರಿ ಟೀಚರ ಪಕ್ಕದಲ್ಲಿ ಬಂದು ಕುಳಿತಿತು. ಎರಡನೆಯ ಪಿಟೀಲಿನವರು ದಿನಕ್ಕೊಂದು ಮಾತಾಡಿದರೆ ಹೆಚ್ಚು. ಅಂದಿನ ಮಾತನ್ನು ಅವರು ಆಗ ಆಡಿದರು: "ಮೊದಲ ಪಿಟೀಲು ಎಲ್ಲಿಗೆ ಹೋದ್ರೆ ನಾನೂ ಅಲ್ಲಿಗೆ. ನನ್ನ ಕೆಲಸವೇ ಅದು."

ನಡುವಕ್ಕ ಹುಡುಗಿಯ ಕಡೆ ತಿರುಗಿದರು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಟೀಚರ್."

"ಯಾವಾಗಿಂದ?"

"ಮೊದಲನೇ ದಿನದಿಂದ."

"ಬಾಯಲ್ಲೇನು ಅವಲಕ್ಕಿ ಇತ್ತಾ?"

"ನಿಮಗೆ ಹೇಗೆ ಹೇಳೋದು, ಟೀಚರ್?"

ಗುಡುಗು ಮೇಷ್ಟ್ರು ಗುಡುಗಲಿಲ್ಲ. ಸೆಲ್ಲೊವನ್ನು ಪೆಟ್ಟಿಗೆಗೆ ಹಾಕುತ್ತಾ ಮೆತ್ತಗೆ ಹೇಳಿದರು: "ಹುಡುಗಿ ಕೈ ಬಂಗಾರ. ಬಾಯಿಗೆ ಬೀಗ. ನಾನು ಬೇರೆಯವರನ್ನ ವಿಚಾರಿಸ್ತೀನಿ."

"ಮುಂದಿನ ತಾಲೀಮಿನ ತನಕ ತಡೀರಿ" ಎಂದರು ನಡುವಕ್ಕ.

ಕೆಳಗೆ ಬಂದು ಎಡಗೈಯ ಕಿರುಬೆರಳನ್ನು ಅಕ್ಕನಿಗೆ ತೋರಿಸಿದರು. ಗೆಣ್ಣು ಊದಿಕೊಂಡು ಬೆರಳು ಆ ಸ್ವರದ ಜಾಗದವರೆಗೆ ಚಾಚುತ್ತಿರಲಿಲ್ಲ. ಅಕ್ಕ ಅಂಗಿಯ ಕಾಲರಿನಿಂದ ಕಣ್ಣೆತ್ತದೆ, "ವಯಸ್ಸಾಯ್ತು ಕಣೆ. ನನ್ನ ಮಂಡಿ ನೋಡು, ಕೂತ್ರೆ ಕಿರ್ ಅನ್ನತ್ತೆ" ಎಂದರು.

"ನಿನ್ನ ಮಂಡಿ ಯಾವ ಶ್ರುತಿಲಿ ಕಿರ್ ಅಂದ್ರೂ ಯಾರೂ ಕೇಳಲ್ಲ."

"ಬೆರಳಿಗೋಸ್ಕರ ಇಷ್ಟು ಮುಖ ಸಣ್ಣ ಮಾಡ್ಕೊಂಡಿದ್ದೀಯಾ?"

"ಬೆರಳಿಗೆ ಏನೋ ದಾರಿ ಹುಡುಕಬಹುದು. ಆ ಹುಡುಗಿಗೆ ಕೇಳೋ ಕಿವಿ ಕೊಟ್ಟೆ, ಹೇಳೋ ಧೈರ್ಯ ಕೊಡ್ಲಿಲ್ಲ. ನನ್ನಿಂದ ಅವಳ ಜಾಗ ಹೋಗತ್ತೆ."

ಮರುದಿನ ಸಂಜೆ ಹುಡುಗಿ ಬಂದಾಗ ಟೀಚರ ಕುರ್ಚಿ ಖಾಲಿ ಇತ್ತು. ನಡುವಕ್ಕ ಮಕ್ಕಳು ಕೂರುವ ಸ್ಟೂಲಿನ ಮೇಲೆ ವಯೋಲಾ ಹಿಡಿದು ಕುಳಿತಿದ್ದರು.

"ಅಲ್ಲಿ ಕೂತ್ಕೊ. ಇವತ್ತಿಂದ ಪಾಠ ನಿಂದು."

"ಅಯ್ಯೋ, ಬೇಡ ಟೀಚರ್."

"ಕೂರೇ!"

ಕುರ್ಚಿಯ ತುದಿಯಲ್ಲಿ ಮುಳ್ಳಿನ ಮೇಲೆ ಕೂತಂತೆ ಕೂತಳು. ನಡುವಕ್ಕ ಆ ಸ್ವರ ನುಡಿಸಿದರು. "ಚೆನ್ನಾಗಿದೆ ಟೀಚರ್, ಸ್ವಲ್ಪ..." ಎಂದಳು.

"ಸ್ವಲ್ಪ ಅಂದ್ರೆ? ಶಾಲೆ ಮಕ್ಕಳಿಗೂ ಹೀಗೇ ಸ್ವಲ್ಪ ಸ್ವಲ್ಪ ಅಂತೀಯಾ? ನಾನು ನಿನ್ನನ್ನ ಬೈದ ಹಾಗೆ ಬೈಯಿ."

ಅಂದು ಆಗಲಿಲ್ಲ. ಅದರ ಮರುದಿನವೂ ಆಗಲಿಲ್ಲ. ನಡುವಕ್ಕ ಮಾತ್ರ ಬಿಡದೆ ಸ್ಟೂಲಿನ ಮೇಲೆ ಕುಳಿತು ಅದೇ ತಪ್ಪು ಸ್ವರವನ್ನು ನುಡಿಸಿದರು. ಅಷ್ಟು ವರ್ಷ ಹೆಸರು ಮಾಡಿದವರು ತಮ್ಮ ಕುಂದನ್ನು ಹೀಗೆ ಎದುರಿಗಿಟ್ಟುಕೊಂಡು ಕೂರುವುದು ಸುಲಭವಲ್ಲ. ಕೇಳಿ ಕೇಳಿ ಹುಡುಗಿಯ ತಾಳ್ಮೆ ಕೆಟ್ಟಿತು. ಕೆಳಗೆ ಬಟ್ಟೆ ಕೊಡಲು ನಿಂತಿದ್ದವರಿಗೂ ಅವಳ ಕೂಗು ಕೇಳಿಸಿತು:

"ಹೊಸಿಲಲ್ಲೇ ನಿಂತಿದೆ ಟೀಚರ್ ನಿಮ್ಮ ಭಾವಮೈದುನ! ಒಳಗೆ ಬರಲ್ಲ ಅಂದ್ರೆ ಬಿಟ್ಟಾಕಿ ಅವನನ್ನ! ಕೈಯನ್ನೇ ಮೇಲೆ ಸರಿಸಿ ಉಂಗುರದ ಬೆರಳಿಡಿ!"

ಆಮೇಲೆ ನಡುವಕ್ಕನ ನಗು. ಅದರ ಹಿಂದೆಯೇ, ಉಂಗುರದ ಬೆರಳಿನಿಂದ ಹೊರಟ ಸ್ವರ, ದುಂಡಗೆ, ಸರಿಯಾದ ಎತ್ತರದಲ್ಲಿ.

ಮುಂದಿನ ತಾಲೀಮಿನ ದಿನ ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಮೇಲಕ್ಕೇ ಕಿವಿಗೊಟ್ಟಿದ್ದರು. ವಿಲಂಬಿತ ಭಾಗ ಕೊನೆಗೆ ಬಂತು. ಸ್ವರಗುಚ್ಛ ನಿಂತಿತು, ನಡುವೆಯೇ ತುಂಡಾಯಿತು.

"ಟೀಚರ್, ಈಗ ನೀವು ಮೇಲೆ ಹೋದ್ರಿ. ಹೆದರ್ಕೊಂಡು ಜಾಸ್ತಿ ಸರಿಸಿದ್ರಿ."

"ನಂಗೆ ಸರಿಯಾಗೇ ಕೇಳಿಸ್ತಲ್ಲಮ್ಮ" ಎಂದು ಮೇಷ್ಟ್ರು ಕೆಣಕಿದರು.

"ನಿಮಗೆ ಕೇಳಿಸತ್ತೆ ಸರ್. ನಿಮ್ಮ ತಂತಿನೂ ಇವತ್ತು ಏರಿದೆ."

"ನಂದಾ? ನನ್ನ ತಂತಿನಾ?" ಈಗ ಗುಡುಗಿತು. ಮೇಜಿಗೆ ಕವಲು ಕುಟ್ಟಿದ ಸದ್ದು. ಒಂದು ಗಳಿಗೆ ಬಿಟ್ಟು, ತಂತಿ ಇಳಿಸುವ ಕಿರುಗುಟ್ಟುವಿಕೆ. "ಇರ್ಲಿ, ಆದ್ರೆ ನೀನು ಮೊದಲ ಸಾಲು ಓಡಿಸ್ತೀಯಲ್ಲ, ನಿಮ್ಮಪ್ಪನ ಬಸ್ಸಾ ಅದು?"

"ನೀವು ಹಿಂದೆ ಬ್ರೇಕ್ ಒತ್ಕೊಂಡು ಕೂತ್ರೆ ಹಾಗೇ ಅನ್ಸತ್ತೆ ಸರ್!"

"ನೋಡಿದ್ರಾ ಮೇಷ್ಟ್ರೇ, ಜಗಳ ತಾನಾಗೇ ಬಂತು" ಎಂದು ನಡುವಕ್ಕ ನಡುವೆ ಬಾಯಿ ಹಾಕಿದರೆ, "ನೀವು ಸುಮ್ನಿರಿ ಟೀಚರ್!" ಎಂದಳು ಹುಡುಗಿ.

ನಡುವಕ್ಕ ನೀರು ತರುವ ನೆಪದಲ್ಲಿ ಕೆಳಗಿಳಿದು ಬಂದರು. ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಅಕ್ಕ ಆತಂಕದಿಂದ ಕೇಳಿದರು, "ಏನಾಯ್ತೇ? ಹುಡುಗೀನ ಸೇರಿಸ್ಕೊಂಡ್ರಾ ಇಲ್ವಾ?"

ನಡುವಕ್ಕ ಚೊಂಬಿಗೆ ನೀರು ತುಂಬಿಸಿಕೊಳ್ಳುತ್ತಾ ಮೇಲೆ ಬೊಟ್ಟು ಮಾಡಿದರು. ಮೂರು ದನಿಗಳು ಒಂದರ ಮೇಲೊಂದು ಬಿದ್ದು ಹೊರಳಾಡುತ್ತಿದ್ದವು. ಎರಡನೆಯ ಪಿಟೀಲಿನವರದೂ ಅದರಲ್ಲಿ ಸೇರಿತ್ತು.

"ಕೇಳಿಸ್ತಿಲ್ವೇನೆ?" ಎಂದು ಮೆಟ್ಟಿಲು ಹತ್ತಿದರು.