ಪಕ್ಕದವನು ಎತ್ತಿಕೊಂಡ ಸ್ವರ

ಮದುವೆಗಳಿಗೆ ನುಡಿಸುವ ಆ ಬ್ಯಾಂಡಿನಲ್ಲಿ ಒಂದು ಕಟ್ಟುಪಾಡಿತ್ತು. ಊದುವವನಿಗೆ ಉಸಿರು ಸಾಲದಾದರೆ ಪಕ್ಕದವನು ಆ ಸ್ವರ ಎತ್ತಿಕೊಳ್ಳಬೇಕು. ಕೇಳುವವರಿಗೆ ಗೊತ್ತಾಗಬಾರದು, ಆಮೇಲೆ ಅದರ ಸುದ್ದಿಯನ್ನೂ ಎತ್ತಬಾರದು.

ಕ್ಲಾರಿನೆಟ್ ನುಡಿಸುತ್ತಿದ್ದವರನ್ನು ಎಲ್ಲರೂ ಮಾಸ್ತರು ಎನ್ನುತ್ತಿದ್ದರು. ಅವರ ಪಕ್ಕದಲ್ಲಿ ನಿಲ್ಲುತ್ತಿದ್ದವನು ಹೆಂಡತಿಯ ತಮ್ಮ. ಭಾವನ ಉಸಿರು ಮೊದಲು ಉದ್ದ ಸ್ವರಗಳಲ್ಲಿ ತಪ್ಪಿತು, ಬರಬರುತ್ತ ಗಿಡ್ಡ ಸ್ವರಗಳಲ್ಲೂ. ಮೈದುನ ಎತ್ತಿಕೊಳ್ಳುತ್ತ ಹೋದ. ಕೆಮ್ಮಿಗೆ ಮಾಸ್ತರ ಬಳಿ ಸಿದ್ಧ ಉತ್ತರವಿತ್ತು: "ರಸ್ತೆ ಧೂಳು ಕಣಯ್ಯ. ಕಟ್ಟುಗಟ್ಟಲೆ ಬೀಡಿ ಎಳೆಯೋ ಡ್ರಮ್ಮಿನವನೇ ಗುಂಡುಕಲ್ಲಿನಂಗೆ ಇದ್ದಾನೆ. ಒಂದೂ ಸೇದದ ನನಗೇನಾಗತ್ತೆ?"

ಅಕ್ಕ ಕೇಳಿದಾಗ ತಮ್ಮನೂ ಅಷ್ಟೇ ಹೇಳಿದ: "ಭಾವ ಚೆನ್ನಾಗೇ ಊದ್ತಿದ್ದಾರಕ್ಕ."

ಕರವಸ್ತ್ರದಲ್ಲಿ ರಕ್ತ ಕಂಡ ದಿನ ಅವಳೇ ಗಂಡನನ್ನು ಆಸ್ಪತ್ರೆಗೆ ಕರೆದೊಯ್ದಳು. ಶ್ವಾಸಕೋಶದ ಕ್ಯಾನ್ಸರ್, ಮೂಳೆಗೂ ಹರಡಿತ್ತು. ಶಸ್ತ್ರಚಿಕಿತ್ಸೆಯ ಕಾಲ ಮೀರಿದೆ ಎಂದ ವೈದ್ಯೆ, ಉಸಿರು ಯಾವಾಗಿನಿಂದ ಸಾಲುತ್ತಿಲ್ಲ ಎಂದು ಕೇಳಿದರು.

"ಇತ್ತೀಚೆಗೆ," ಎಂದರು ಮಾಸ್ತರು.

"ಹೋದ ವರ್ಷದಿಂದ," ಎಂದ ಬಾಗಿಲ ಬಳಿ ನಿಂತಿದ್ದ ಮೈದುನ.

ಅಕ್ಕ ತಿರುಗಿ ನೋಡಿದಳು. ಆಮೇಲೆ ಬಹಳ ದಿನ ಅವನೊಡನೆ ಮಾತಾಡಲಿಲ್ಲ. ಅವನು ಪ್ರತಿ ಸಲ ಆಟೋ ತಂದು ನಿಲ್ಲಿಸಿದ, ಕೀಮೊ ಮುಗಿಯುವವರೆಗೆ ಹೊರಗೆ ಕೂತ, ಭಾವನಿಗೆ ವಾಂತಿಯಾದಾಗ ಬಕೆಟ್ ಹಿಡಿದ. ಒಂದು ಸಂಜೆ ಅವಳು ಚಹಾ ತಂದು ಅವನ ಮುಂದೆ ಕುಕ್ಕಿದಳು.

"ಬಾಯಿಗೆ ಬೀಗ ಯಾಕೆ ಹಾಕ್ಕೊಂಡಿದ್ಯೋ?"

"ಭಾವನ ಮರ್ಯಾದೆ ಹೋಗತ್ತೆ ಅಂದ್ಕೊಂಡೆ."

"ಈಗ ಆ ಮರ್ಯಾದೆ ಇಟ್ಕೊಂಡು ನಾನೇನು ಮಾಡ್ಲಿ?"

ಮಾಸ್ತರು ಕೊನೆಯ ಸಲ ಅಭ್ಯಾಸದ ಕೋಣೆಗೆ ಬಂದು ಕುರ್ಚಿಯಲ್ಲಿ ಕೂತು ಕೇಳುತ್ತಿದ್ದಾಗ ಸ್ಯಾಕ್ಸೊಫೋನಿನವನು ಕೆಮ್ಮಿದ. ಅವನ ಪಕ್ಕದ ಟ್ರಂಪೆಟ್ಟಿನವನು ಸ್ವರ ಎತ್ತಿಕೊಂಡ. ಮಾಸ್ತರು ಕೈಯೆತ್ತಿ ನುಡಿಸಾಣಿಕೆ ನಿಲ್ಲಿಸಿದರು.

"ಎಷ್ಟು ದಿನದಿಂದ ಹೀಗೆ?"

"ಬರೀ ನೆಗಡಿ ಮಾಸ್ತರೇ."

"ನಿನ್ನನ್ನಲ್ಲ ಕೇಳಿದ್ದು. ಪಕ್ಕದವನು ಹೇಳ್ಲಿ."

ಪಕ್ಕದವನು ನೆಲ ನೋಡಿದ. "ಎರಡು ತಿಂಗಳಾಯ್ತು."

ಮರುದಿನವೇ ಮೈದುನ ಸ್ಯಾಕ್ಸೊಫೋನಿನವನನ್ನು ಆಸ್ಪತ್ರೆಗೆ ಎಳೆದೊಯ್ದ. ಪರೀಕ್ಷೆಯ ಫಲಿತಾಂಶ ತಿಳಿಯಲು ಇಬ್ಬರೂ ಮತ್ತೆ ಹೋಗಿದ್ದ ಬೆಳಿಗ್ಗೆ, ಇತ್ತ ಮಾಸ್ತರು ದಿಂಬುಗಳಿಗೆ ಒರಗಿದಲ್ಲೇ ಹೋಗಿಬಿಟ್ಟರು. ಮೈದುನ ಮನೆಗೆ ಓಡಿ ಬಂದಾಗ ಅಕ್ಕ ಗಂಡನ ತಲೆಗೂದಲು ಸರಿಪಡಿಸುತ್ತಿದ್ದಳು. ಕೀಮೊ ನಿಲ್ಲಿಸಿದ ಮೇಲೆ ತೆಳ್ಳಗೆ ಮತ್ತೆ ಬಂದಿದ್ದ ಕೂದಲು.

"ಅವನಿಗೆ ಏನಂತೆ?" ಎಂದು ಕೇಳಿದಳು.

"ಕ್ಷಯವಂತೆ ಅಕ್ಕ. ಮಾತ್ರೆಗೆ ವಾಸಿಯಾಗತ್ತಂತೆ."

ಅವಳು ತಲೆಯಾಡಿಸಿದಳು. ಅಲ್ಲಿಯವರೆಗೆ ಅಳದಿದ್ದವಳು ಆಗ ಅತ್ತಳು.